ಎಂಜಿನ್ ಆಯಿಲಿನ ಮಾರ್ಕ್ಸ್ ಕಾರ್ಡ್ ಓದುವುದು ಹೇಗೆ?

ನೆದರ್‌ಲ್ಯಾಂಡ್ಸ್‌ಗೆ ಓದಲು ಬಂದವರಿಗೆ ಮೊದಲ ವರ್ಷ ಸೈಕಲ್ಲೇ ಧಾರಾಳ. ಎರಡನೇ ವರ್ಷಕ್ಕೋ, ಓದು ಮುಗಿದು ಕೆಲಸ ಹುಡುಕುವ ವರ್ಷಕ್ಕೋ, ಇಬ್ಬರು ಮೂವರು ಸೇರಿ ಹತ್ತು ಹನ್ನೆರಡು ವರ್ಷ ಹಳೆಯ ಕಾರೊಂದನ್ನು ಕೊಳ್ಳುತ್ತಾರೆ. ಅಲ್ಲಿಂದ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಶುರು: "ಯಾವ ಆಯಿಲ್ ಹಾಕ್ಸೋದು ಮಗಾ?" ಐದೇ ನಿಮಿಷದಲ್ಲಿ ಉತ್ತರವೂ ರೆಡಿ: "ಫುಲ್ ಸಿಂಥೆಟಿಕ್ ಹಾಕ್ಸು, ಕಣ್ಣುಮುಚ್ಕೊಂಡು." ಆಮೇಲೆ ಒಬ್ಬರು ವಿಡಿಯೋ ಕಳಿಸುತ್ತಾರೆ. ಅದರಲ್ಲಿ ಯಂತ್ರವೊಂದು ಉಕ್ಕಿನ ಗುಂಡನ್ನು ಉಜ್ಜುತ್ತದೆ, ಯಾವ ಎಣ್ಣೆಯಲ್ಲಿ ಗಾಯ ಚಿಕ್ಕದೋ ಆ ಎಣ್ಣೆ ಗೆದ್ದಿತು ಅಂತ ತೀರ್ಪು. ಇನ್ನೊಬ್ಬರು ಎರಡು ಕಂಪನಿಗಳ ಡೇಟಾ ಶೀಟ್ ಹಾಕಿ, "ಇದರಲ್ಲಿ ಎಲ್ಲಾ ನಂಬರ್ ಜಾಸ್ತಿ ಇದೆ, ಇದೇ ಬೆಸ್ಟ್" ಅನ್ನುತ್ತಾರೆ. ಗುಂಪಿನಲ್ಲಿ ಮೆಕ್ಯಾನಿಕಲ್ಲು, ಕೆಮಿಕಲ್ಲು ಓದುತ್ತಿರುವ ನಮ್ಮ ಕಡೆಗೆ ಆಗ ಎಲ್ಲರ ಕಣ್ಣು. ಪ್ರತಿಸಲ ಅರ್ಧಂಬರ್ಧ ಟೈಪ್ ಮಾಡುವ ಬದಲು ಈ ವರ್ಷ ಇಲ್ಲಿ ಪೂರ್ತಿ ಬರೆದುಬಿಡೋಣ ಅಂದುಕೊಂಡೆವು.

ಡೇಟಾ ಶೀಟ್ ಅನ್ನೋದು ಎಣ್ಣೆಯ ಮಾರ್ಕ್ಸ್ ಕಾರ್ಡ್ ಇದ್ದಹಾಗೆ. ಆದರೆ ಎಸ್‌ಎಸ್‌ಎಲ್‌ಸಿಯಲ್ಲಾದರೆ ಎಲ್ಲ ವಿಷಯ ಕೂಡಿಸಿ 625ಕ್ಕೆ ಇಷ್ಟು ಅಂತ ಹೇಳಿ ರ‍್ಯಾಂಕ್ ಕೊಡಬಹುದು. ಎಣ್ಣೆಗೆ ಆ ಕೂಡಿಸುವ ಲೆಕ್ಕ ಒಗ್ಗುವುದಿಲ್ಲ. ಇಲ್ಲಿ ಒಂದೊಂದು ಪರೀಕ್ಷೆಯೂ ಒಂದೊಂದೇ ಪ್ರಶ್ನೆ ಕೇಳುತ್ತದೆ. ಕೆಲವು ವಿಷಯದಲ್ಲಿ ಜಾಸ್ತಿ ಅಂಕ ಬಂದರೆ ಒಳ್ಳೆಯದು, ಕೆಲವರಲ್ಲಿ ಕಡಿಮೆ ಬಂದರೆ ಒಳ್ಳೆಯದು, ಇನ್ನು ಕೆಲವರಲ್ಲಿ ನಿಮ್ಮ ಎಂಜಿನ್ ಕೇಳಿದಷ್ಟೇ ಇರಬೇಕು. ನಿಮ್ಮ ಎಂಜಿನ್ ಕೇಳದ ಪ್ರಶ್ನೆಗೆ ಎಣ್ಣೆ ಎಷ್ಟು ಚೆನ್ನಾಗಿ ಉತ್ತರಿಸಿದರೂ ನಿಮಗೆ ಉಪಯೋಗವಿಲ್ಲ.

ದಪ್ಪ-ತೆಳುವಿನ ಲೆಕ್ಕ

ನಮ್ಮ ಹಳ್ಳಿಗಳಲ್ಲಿ ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದುದು ನಿಮ್ಮ ಅಜ್ಜಂದಿರಿಗೆ ನೆನಪಿರುತ್ತದೆ. ಬೇರೆ ಎಣ್ಣೆ ಬಿಟ್ಟು ಹರಳೆಣ್ಣೆಯೇ ಏಕೆ? ಅದು ದಪ್ಪ, ಭಾರ ಬಿದ್ದರೂ ಮರ-ಕಬ್ಬಿಣದ ನಡುವಿನಿಂದ ಜಾರಿಹೋಗದೆ ನಿಲ್ಲುತ್ತದೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಹುಟ್ಟಿದ್ದೂ ಇದೇ ಹರಳೆಣ್ಣೆಯಿಂದ. 1909ರ ಸುಮಾರಿಗೆ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ತನ್ನ ಎಂಜಿನ್ ಎಣ್ಣೆಗೆ ಹರಳೆಣ್ಣೆ ಬೆರೆಸಿ, ಅದರ ಇಂಗ್ಲಿಷ್ ಹೆಸರು 'ಕ್ಯಾಸ್ಟರ್' ಅನ್ನೇ ತಿರುಚಿ ಬ್ರ್ಯಾಂಡ್ ಮಾಡಿತು.

ದಪ್ಪ ಒಂದೇ ಸಾಲದು. ಊರಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿ ಅಕ್ಟೋಬರ್ ಬಂತೆಂದರೆ ನಮ್ಮ ರೂಮಿನಲ್ಲಿ ಕಲ್ಲಾಗುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಎಂಜಿನ್ನಿನ ಎಣ್ಣೆ ಚಳಿಯಲ್ಲಿ ಹಾಗಾದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪಂಪಿಗೆ ಎಣ್ಣೆಯೇ ಸಿಗುವುದಿಲ್ಲ. ಆದ್ದರಿಂದ ಎಣ್ಣೆ ಚಳಿಯಲ್ಲಿ ಸಾಕಷ್ಟು ತೆಳುವಾಗಿಯೂ ಬಿಸಿಯಲ್ಲಿ ಸಾಕಷ್ಟು ದಪ್ಪವಾಗಿಯೂ ಇರಬೇಕು. ಡಬ್ಬದ ಮೇಲಿನ '5ಡಬ್ಲ್ಯೂ-30' ಹೇಳುವುದು ಇಷ್ಟನ್ನೇ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಎಸ್‌ಎಇ ಸಂಸ್ಥೆಯ ಜೆ300 ಎಂಬ ಪಟ್ಟಿಯ ಪ್ರಕಾರ 5ಡಬ್ಲ್ಯೂ ಎಣ್ಣೆಯನ್ನು ಮೈನಸ್ 30 ಡಿಗ್ರಿಯಲ್ಲಿ ಎಂಜಿನ್ ತಿರುಗಿಸುವಂತೆ ತಿರುಗಿಸಿ ನೋಡಿದಾಗ ಅದರ ಸ್ನಿಗ್ಧತೆ 6600 ಮಿಲಿಪ್ಯಾಸ್ಕಲ್-ಸೆಕೆಂಡ್ ಮೀರಬಾರದು. 0ಡಬ್ಲ್ಯೂ ಎಣ್ಣೆಗೆ ಪರೀಕ್ಷೆ ನಡೆಯುವುದು ಮೈನಸ್ 35ರಲ್ಲಿ, ಮಿತಿ 6200. ಕೊನೆಯ 30 ಎಂದರೆ 100 ಡಿಗ್ರಿಯಲ್ಲಿ ಎಣ್ಣೆ ತನ್ನ ಭಾರದಿಂದಲೇ ಸಣ್ಣ ಗಾಜಿನ ಕೊಳವೆಯಲ್ಲಿ ಹರಿದಾಗ ಅದರ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್‌ನೊಳಗೆ ಇರಬೇಕು. 40 ಆದರೆ 12.5ರಿಂದ 16.3.

ಹಾಗಾದರೆ ಇಲ್ಲಿಯ ಚಳಿಗೆ 0ಡಬ್ಲ್ಯೂ ಬೇಕೇಬೇಕಾ? ನೆದರ್‌ಲ್ಯಾಂಡ್ಸ್‌ನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ ಮೈನಸ್ 27.4 ಡಿಗ್ರಿ, 1942ರ ಜನವರಿಯಲ್ಲಿ, ವಿಂಟರ್ಸ್‌ವೈಕ್‌ನಲ್ಲಿ. ಅಂದರೆ ಈ ದೇಶದ ಚರಿತ್ರೆಯ ಅತಿ ಕೆಟ್ಟ ಬೆಳಗಿನಲ್ಲೂ 5ಡಬ್ಲ್ಯೂ ತನ್ನ ಪರೀಕ್ಷೆಯ ಮಿತಿಯೊಳಗೇ ಇರುತ್ತಿತ್ತು. ಕಾರಿನ ಕೈಪಿಡಿ 0ಡಬ್ಲ್ಯೂ ಕೇಳಿದ್ದರೆ ಅದನ್ನೇ ಹಾಕಿ, ಆ ಮಾತು ಬೇರೆ. ಎರಡಕ್ಕೂ ಅನುಮತಿ ಇದ್ದಾಗ ಬರೀ 'ಚಳಿ ದೇಶ' ಅನ್ನುವ ಭಯಕ್ಕೆ ಹೆಚ್ಚು ಯೂರೋ ತೆರಬೇಕಿಲ್ಲ. ಇನ್ನು ಊರಲ್ಲಿ ಅಪ್ಪನ ಹಳೇ ಗಾಡಿಗೆ ಹಾಕುವ 20ಡಬ್ಲ್ಯೂ-40ಗೆ ಚಳಿಯ ಪರೀಕ್ಷೆ ಮಾಡುವುದು ಮೈನಸ್ 15ರಲ್ಲಿ. ದಾವಣಗೆರೆಗೆ ಅದು ಬೇಕಾದಷ್ಟಾಯಿತು. ಖ್ರೋನಿಂಗನ್‌ನ ಫೆಬ್ರವರಿಗೆ ತರಬೇಡಿ.

ಲೇಬಲ್ ಒಂದು, ಎಣ್ಣೆ ಎರಡು

ಇಲ್ಲಿ ತುಂಬಾ ಜನ ಎಡವುತ್ತಾರೆ. ಅಂಗಡಿಯ ಶೆಲ್ಫಿನಲ್ಲಿ ಪಕ್ಕಪಕ್ಕ ಎರಡು ಡಬ್ಬ, ಎರಡರ ಮೇಲೂ 5ಡಬ್ಲ್ಯೂ-30. ಒಂದರ ಹಿಂದೆ ಚಿಕ್ಕ ಅಕ್ಷರದಲ್ಲಿ 'ಎಸಿಇಎ ಸಿ3', ಇನ್ನೊಂದರ ಹಿಂದೆ 'ಸಿ2'. ಎಸಿಇಎ ಅಂದರೆ ಯುರೋಪಿನ ಕಾರು ತಯಾರಕರ ಸಂಘ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಎಚ್‌ಟಿಎಚ್‌ಎಸ್ ಎಂಬ ಪರೀಕ್ಷೆಯಲ್ಲಿ ಕಾಣುತ್ತದೆ. 150 ಡಿಗ್ರಿ ಬಿಸಿಯಲ್ಲಿ, ಎಣ್ಣೆಯ ಪದರಗಳು ಒಂದರ ಮೇಲೊಂದು ಸೆಕೆಂಡಿಗೆ ಹತ್ತು ಲಕ್ಷದ ದರದಲ್ಲಿ ಜಾರುವಾಗ ಉಳಿಯುವ ದಪ್ಪ ಎಷ್ಟು ಅನ್ನುವುದೇ ಪ್ರಶ್ನೆ. ತಿರುಗುವ ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ನಡೆಯುವುದು ಇದೇ. ಸಿ3 ಎಣ್ಣೆಗೆ ಇದು ಕನಿಷ್ಠ 3.5 ಇರಬೇಕು, ಸಿ2ಗೆ 2.9 ಸಾಕು. ಸಿ5 ಇನ್ನೂ ತೆಳು, 2.6ರಿಂದ 2.9.

ನಮ್ಮನ್ನು ಕೇಳಿದರೆ ಡೇಟಾ ಶೀಟಿನಲ್ಲಿ ಮೊದಲು ಹುಡುಕಬೇಕಾದ ಅಂಕಿ ಇದು. ಗಾಜಿನ ಕೊಳವೆಯಲ್ಲಿ ನಿಧಾನಕ್ಕೆ ಹರಿಯುವ 100 ಡಿಗ್ರಿಯ ಅಂಕಿಗಿಂತ ಎಂಜಿನ್ನಿನ ಒಳಗಿನ ಬದುಕಿಗೆ ಇದು ಹತ್ತಿರ. ಬಹುದರ್ಜೆ ಎಣ್ಣೆಗಳಲ್ಲಿ ಪಾಲಿಮರ್ ಬೆರೆಸಿರುತ್ತಾರೆ. ಬಿಸಿಯಾದಾಗ ಅದರ ಉದ್ದನೆಯ ಅಣುಗಳು ಬಿಚ್ಚಿಕೊಂಡು ಎಣ್ಣೆಯನ್ನು ದಪ್ಪ ಇಡುತ್ತವೆ. ಆದರೆ ವೇಗವಾಗಿ ಉಜ್ಜಿದಾಗ ಅವು ಹರಿವಿನ ದಿಕ್ಕಿಗೇ ಮಲಗಿಬಿಡುತ್ತವೆ, ದಪ್ಪ ಆ ಹೊತ್ತಿಗೆ ಇಳಿಯುತ್ತದೆ; ಕೆಲವು ತುಂಡಾಗಿ ಮತ್ತೆಂದೂ ಏಳುವುದಿಲ್ಲ. ಕೊಳವೆಯ ಪರೀಕ್ಷೆಗೆ ಈ ಗುಟ್ಟು ಗೊತ್ತಾಗಲ್ಲ. 3.5 ಕೇಳುವ ಎಂಜಿನ್ನಿಗೆ 2.6ರ ಎಣ್ಣೆ ಹಾಕಿದರೆ ಬೇರಿಂಗಿನ ನಡುವಿನ ಪದರ ತೆಳುವಾಗುತ್ತದೆ. ತೆಳು ಎಣ್ಣೆಗೇ ವಿನ್ಯಾಸವಾದ ಎಂಜಿನ್ನಿಗೆ ದಪ್ಪದ್ದು ಹಾಕಿದರೆ ಪೆಟ್ರೋಲು ತುಸು ಹೆಚ್ಚು ಕುಡಿಯುತ್ತದೆ. 'ದಪ್ಪ ಒಳ್ಳೆಯದು' ಎಂಬ ಗ್ಯಾರೇಜಿನ ಮಾತೂ 'ತೆಳು ಮಾಡರ್ನ್' ಎಂಬ ಜಾಹೀರಾತಿನ ಮಾತೂ ಎರಡೂ ಅರ್ಧ ಸತ್ಯ.

ಇನ್ನೊಂದು ಒಳ್ಳೆಯ ಪರೀಕ್ಷೆ ನೋಆಕ್. 1930ರ ದಶಕದಲ್ಲಿ ಜರ್ಮನಿಯ ಕುರ್ಟ್ ನೋಆಕ್ ರೂಪಿಸಿದ್ದು. ಎಣ್ಣೆಯನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಎಷ್ಟು ಆವಿಯಾಗಿ ಹೋಯಿತು ಅಂತ ತೂಗುತ್ತಾರೆ. ಸಿ3 ಎಣ್ಣೆಯಲ್ಲಿ ಶೇ. 13ಕ್ಕಿಂತ ಹೆಚ್ಚು ಹೋಗಬಾರದು. ಹೆಚ್ಚು ಆವಿಯಾಗುವ ಎಣ್ಣೆಯನ್ನು ಎಂಜಿನ್ 'ಕುಡಿಯುತ್ತದೆ', ಉಳಿದದ್ದು ಮಂದವಾಗುತ್ತಾ ಹೋಗುತ್ತದೆ. ಈ ಅಂಕಿಯನ್ನು ಚಳಿಯ ಅಂಕಿಯ ಜೊತೆ ಸೇರಿಸಿ ಓದಿದರೆ ಸ್ವಾರಸ್ಯ. ಹಗುರ ಎಣ್ಣೆ ಬೆರೆಸಿದರೆ ಚಳಿಯ ಪರೀಕ್ಷೆ ಸುಲಭವಾಗಿ ಪಾಸಾಗುತ್ತದೆ, ಆದರೆ ಆ ಹಗುರದ್ದೇ ನೋಆಕ್‌ನಲ್ಲಿ ಹಾರಿಹೋಗುತ್ತದೆ. ಭಾರದ್ದು ಹಾಕಿದರೆ ಅದು ತಿರುಗುಮುರುಗು. ಎರಡರಲ್ಲಿ ಯಾವುದಾದರೂ ಒಂದರಲ್ಲಿ ಒಳ್ಳೆ ಅಂಕ ತೆಗೆಯುವುದು ಯಾರಿಗಾದರೂ ಸಾಧ್ಯ. ಎರಡರಲ್ಲೂ ತೆಗೆದಿದೆ ಅಂದರೆ ಮೂಲ ಎಣ್ಣೆಯೇ ಒಳ್ಳೆಯದಿದೆ ಎಂದರ್ಥ. ಒಂದು ಎಚ್ಚರಿಕೆ: 10.2 ಮತ್ತು 10.9ರ ನಡುವೆ ಗೆದ್ದವರು ಯಾರು ಅಂತ ಜಗಳ ಬೇಡ. ಒಂದೇ ಡಬ್ಬದ ಎಣ್ಣೆಯನ್ನು ಎರಡು ಲ್ಯಾಬಿಗೆ ಕೊಟ್ಟರೂ ನೋಆಕ್ ಅಂಕಿ ಅಷ್ಟು ಆಚೀಚೆ ಆಗಬಹುದು.

ಸಿಂಥೆಟಿಕ್ ಅನ್ನುವ ಪದ

ಇಷ್ಟೆಲ್ಲ ಹೇಳಿದರೂ 'ಸಿಂಥೆಟಿಕ್' ಬಂದೇ ಇಲ್ಲವಲ್ಲ ಅನ್ನಿಸಿರಬಹುದು. ಯಾಕೆಂದರೆ ಅದು ಲ್ಯಾಬಿನ ಅಂಕಿ ಅಲ್ಲ, ಡಬ್ಬದ ಮೇಲಿನ ಪದ. ಮೂಲ ಎಣ್ಣೆಗಳನ್ನು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಐದು ಗುಂಪು ಮಾಡಿದೆ. ಒಂದು, ಎರಡು ಮತ್ತು ಮೂರನೇ ಗುಂಪು ಕಚ್ಚಾತೈಲದಿಂದ ಬರುವಂಥವು, ಮುಂದೆ ಹೋದಂತೆ ಹೆಚ್ಚು ಶುದ್ಧ. ನಾಲ್ಕನೆಯದು ಪಿಎಓ, ಸಣ್ಣ ಅಣುಗಳನ್ನು ಜೋಡಿಸಿ ಕಟ್ಟಿದ್ದು. ಉಳಿದವೆಲ್ಲ ಐದನೆಯದು. ಮೊದಲು ಸಿಂಥೆಟಿಕ್ ಅಂದರೆ ಬಹುತೇಕ ನಾಲ್ಕು-ಐದು ಮಾತ್ರ. ಕ್ಯಾಸ್ಟ್ರಾಲ್ ಮೂರನೇ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಿದಾಗ ಮೊಬಿಲ್ ತಕರಾರು ತೆಗೆಯಿತು. 1999ರಲ್ಲಿ ಅಮೆರಿಕದ ಜಾಹೀರಾತು ತಂಟೆ ಬಗೆಹರಿಸುವ ಸಂಸ್ಥೆ ಕ್ಯಾಸ್ಟ್ರಾಲ್ ಪರ ಹೇಳಿತು. ಅಲ್ಲಿಂದ ಮೂರನೇ ಗುಂಪಿಗೂ ಆ ಪದ ಸಲ್ಲುತ್ತದೆ. ಜರ್ಮನಿಯಲ್ಲಿ ಮಾತ್ರ 'ಪೂರ್ಣ ಸಿಂಥೆಟಿಕ್' ಎನ್ನಲು ಬಿಗಿ ಇದೆ. ಅಲ್ಲಿಂದ ಬಂದ ಡಬ್ಬದ ಮೇಲೆ ಕೆಲವೊಮ್ಮೆ 'ಎಚ್‌ಸಿ ಸಿಂಥೆಸಿಸ್' ಅಂತ ಕಾಣುವುದು ಅದಕ್ಕೇ.

ಇದರಲ್ಲೊಂದು ತಮಾಷೆ ಇದೆ. ನೈಸರ್ಗಿಕ ಅನಿಲದಿಂದ ಎಣ್ಣೆ ಮಾಡುವ ವಿಧಾನವನ್ನು ಶೆಲ್ ಕಂಪನಿ ಆಮ್‌ಸ್ಟರ್‌ಡ್ಯಾಮಿನ ತನ್ನ ಪ್ರಯೋಗಾಲಯದಲ್ಲಿ ಬೆಳೆಸಿ, ಮಲೇಷ್ಯಾದ ಬಿಂಟುಲುವಿನಲ್ಲೂ ಆಮೇಲೆ ಕತಾರಿನ ಪರ್ಲ್ ಕಾರ್ಖಾನೆಯಲ್ಲೂ ದೊಡ್ಡದಾಗಿ ಮಾಡಿತು. ಅನಿಲವನ್ನು ಒಡೆದು ಅಣುವಿಗೆ ಅಣು ಜೋಡಿಸಿ ಕಟ್ಟಿದ ಎಣ್ಣೆ ಇದು, ಪದದ ಅರ್ಥ ನೋಡಿದರೆ ಇದಕ್ಕಿಂತ ಸಿಂಥೆಟಿಕ್ ಬೇರೆ ಇಲ್ಲ. ಆದರೂ ಪಟ್ಟಿಯಲ್ಲಿ ಬೀಳುವುದು ಮೂರನೇ ಗುಂಪಿಗೆ! ಹಾಗಾಗಿ ಆ ಪದಕ್ಕೆ ದುಡ್ಡು ಕೊಡುವ ಮೊದಲು ಎಚ್‌ಟಿಎಚ್‌ಎಸ್, ನೋಆಕ್, ಚಳಿಯ ಅಂಕಿ ನೋಡಿ. ಅಂಕಿ ಚೆನ್ನಾಗಿದ್ದರೆ ಗುಂಪು ಯಾವುದಾದರೇನು.

ಡೆಲ್ಫ್ಟ್‌ನ ನಾಲ್ಕು ಗುಂಡು

ಈಗ ಆ ವಿಡಿಯೋಗಳ ವಿಚಾರಕ್ಕೆ ಬರೋಣ. ಗುಂಡು ಉಜ್ಜುವ ಪರೀಕ್ಷೆಗಳಲ್ಲಿ ಹೆಸರಾದದ್ದು ನಾಲ್ಕು ಗುಂಡಿನ ಪರೀಕ್ಷೆ. ಇದು ಹುಟ್ಟಿದ್ದು ನಮ್ಮಲ್ಲಿ ಎಷ್ಟೋ ಜನ ಓದುತ್ತಿರುವ ಡೆಲ್ಫ್ಟ್‌ನಲ್ಲೇ ಅನ್ನುವುದು ಇಲ್ಲಿಯ ವಿದ್ಯಾರ್ಥಿಗಳಿಗೇ ಗೊತ್ತಿರುವುದು ಕಡಿಮೆ. ರಾಯಲ್ ಡಚ್ ಶೆಲ್ ಗುಂಪಿನ ಡೆಲ್ಫ್ಟ್ ಎಂಜಿನ್ ಪ್ರಯೋಗಾಲಯದಲ್ಲಿದ್ದ ಜಿ.ಡಿ. ಬೂರ್ಲಾಹೆ 1933ರಲ್ಲಿ ಇದರ ವಿವರ ಪ್ರಕಟಿಸಿದರು. ಡೀಸೆಲ್ಲಿನ ಗುಣ ಹೇಳುವ ಸೀಟೇನ್ ಸಂಖ್ಯೆಯ ಹಿಂದಿನ ಕೆಲಸದಲ್ಲೂ ಅವರದೂ ಅವರ ಸಹೋದ್ಯೋಗಿ ಬ್ರೂಝೆಯವರದೂ ಹೆಸರಿದೆ.

ಉಪಾಯ ತುಂಬಾ ಸರಳ. ಚಿಕ್ಕಂದಿನಲ್ಲಿ ಮೂರು ಗೋಲಿ ಒತ್ತಾಗಿಟ್ಟು ಅದರ ಮೇಲೊಂದು ಗೋಲಿ ಕೂರಿಸಿದ್ದೀವಲ್ಲ, ಅದೇ ಆಕಾರ. ಅರ್ಧ ಇಂಚಿನ ಮೂರು ಉಕ್ಕಿನ ಗುಂಡುಗಳನ್ನು ಬಟ್ಟಲಲ್ಲಿ ಅಲುಗಾಡದಂತೆ ಬಿಗಿದು, ಎಣ್ಣೆ ತುಂಬಿ, ನಾಲ್ಕನೆಯದನ್ನು ಮೇಲಿಂದ ಒತ್ತಿ ತಿರುಗಿಸುತ್ತಾರೆ. ಇಂದಿನ ಒಂದು ರೂಢಿಯ ಪರೀಕ್ಷೆಯಲ್ಲಿ 40 ಕೆ.ಜಿ. ಭಾರ, 75 ಡಿಗ್ರಿ ಬಿಸಿ, ನಿಮಿಷಕ್ಕೆ 1200 ಸುತ್ತು, ಒಂದು ಗಂಟೆ. ಆಮೇಲೆ ಕೆಳಗಿನ ಗುಂಡುಗಳ ಮೇಲಾದ ಗಾಯದ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಇನ್ನೊಂದು ಬಗೆಯಲ್ಲಿ ಗುಂಡುಗಳು ಬೆಸೆದುಕೊಳ್ಳುವ ತನಕ ಭಾರ ಏರಿಸುತ್ತಾ ಹೋಗುತ್ತಾರೆ.

ಬೂರ್ಲಾಹೆಯವರು ಇದನ್ನು ಮಾಡಿದ್ದು ವಿಪರೀತ ಒತ್ತಡದ ಎಣ್ಣೆಗಳಿಗಾಗಿ, ಅಂದರೆ ಗೇರ್ ಹಲ್ಲುಗಳ ನಡುವೆ ಬೀಳುವಂಥ ಒತ್ತಡಕ್ಕೆ. ಗೇರ್ ಆಯಿಲಿಗೆ, ಗ್ರೀಸಿಗೆ ಇಂದಿಗೂ ಅದು ಉಪಯೋಗದ ಪರೀಕ್ಷೆ. ಎಂಜಿನ್ನಿನ ಒಳಗೆ ನಡೆಯುವುದು ಬೇರೆ. ಗುಂಡಿಗೆ ಗುಂಡು ತಾಗುವುದು ಸೂಜಿಮೊನೆಯಷ್ಟು ಜಾಗದಲ್ಲಿ. ಅಲ್ಲಿಯ ಒತ್ತಡ ಕ್ರ್ಯಾಂಕಿನ ಬೇರಿಂಗಿನಲ್ಲಿ ಎಂದೂ ಬರುವುದಿಲ್ಲ. ಬೇರಿಂಗ್ ಎಣ್ಣೆಯ ಪದರದ ಮೇಲೆ ತೇಲುತ್ತದೆ, ಲೋಹ ಲೋಹವನ್ನು ಮುಟ್ಟುವುದೇ ಅಪರೂಪ. ಕ್ಯಾಮ್, ಪಿಸ್ಟನ್ ರಿಂಗುಗಳಲ್ಲಿ ತಾಗಾಟ ಇದೆ ನಿಜ, ಆದರೆ ಅಲ್ಲಿ ಮಸಿ, ಆಮ್ಲ, ನೀರಿನ ಆವಿ, ಸಾವಿರಾರು ಗಂಟೆಗಳ ಬಿಸಿ ಎಲ್ಲವೂ ಸೇರಿರುತ್ತವೆ. ಅವ್ಯಾವುವೂ ಒಂದು ಗಂಟೆಯ ಶುದ್ಧ ಬಟ್ಟಲಿನಲ್ಲಿ ಇಲ್ಲ.

ಇನ್ನೂ ಕೆಟ್ಟದ್ದು ಇದೆ. ಕ್ಲೋರಿನ್ ಸೇರಿಸಿದ ಪ್ಯಾರಫಿನ್ ಬೆರೆಸಿದರೆ ಗುಂಡಿನ ಗಾಯ ಗಮನಾರ್ಹವಾಗಿ ಚಿಕ್ಕದಾಗುತ್ತದೆ, ವಿಡಿಯೋ ಚೆನ್ನಾಗಿ ಬರುತ್ತದೆ. ಅದೇ ವಸ್ತು ಎಂಜಿನ್ನಿನ ಬಿಸಿ-ತೇವದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಬೇರಿಂಗನ್ನೇ ತಿನ್ನಬಲ್ಲದು. ಅಂದರೆ ಈ ಪರೀಕ್ಷೆಯಲ್ಲಿ ಗೆಲ್ಲಲೆಂದೇ ಮಾಡಿದ ಎಣ್ಣೆ ಎಂಜಿನ್ನಿಗೆ ವಿಷವೂ ಆಗಬಹುದು. ಪರೀಕ್ಷೆಯಲ್ಲಿ ತಪ್ಪಿಲ್ಲ. ಅದರ ಉತ್ತರವನ್ನು ಬೇರೆ ಪ್ರಶ್ನೆಗೆ ಅಂಟಿಸುವುದು ತಪ್ಪು.

ಹಾಗಾದರೆ ಸವೆತವನ್ನು ಅಳೆಯುವುದು ಹೇಗೆ? ನಿಜವಾದ ಎಂಜಿನ್ನಿನಲ್ಲೇ. ಎಸಿಇಎ ಪಟ್ಟಿಯಲ್ಲಿ ಬಹುಕಾಲ ಇದ್ದ ಒಂದು ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಓಎಂ646 ಡೀಸೆಲ್ ಎಂಜಿನ್ನನ್ನು ಸುಮಾರು 300 ಗಂಟೆ ಓಡಿಸಿ, ಬಿಚ್ಚಿ, ಕ್ಯಾಮು-ಸಿಲಿಂಡರ್ ಎಷ್ಟು ಸವೆದಿವೆ ಅಂತ ಅಳೆಯುತ್ತಾರೆ. ತುಂಬಾ ದುಬಾರಿ ಕೆಲಸ. ಯಾವ ಯೂಟ್ಯೂಬಿನವರೂ ಮಾಡಲಾರರು, ನಾವೂ ಮಾಡಲಾರೆವು. ಆದರೆ ಅದರ ಫಲ ಡಬ್ಬದ ಹಿಂದೆಯೇ ಇದೆ: ಎಸಿಇಎ ವರ್ಗ ಮತ್ತು ಕಾರು ಕಂಪನಿಯ ಅನುಮೋದನೆಯ ಸಂಖ್ಯೆ, ಉದಾಹರಣೆಗೆ ಫೋಕ್ಸ್‌ವ್ಯಾಗನ್ 504 00, ಮರ್ಸಿಡಿಸ್ 229.51. ಇಲ್ಲಿ ಭಾಷೆಯನ್ನು ಸೂಕ್ಷ್ಮವಾಗಿ ಓದಿ. ಅನುಮೋದನೆ ಸಿಕ್ಕಿದೆ ಅನ್ನುವುದು ಒಂದು. 'ಫೋಲ್ಡೂಟ್ ಆನ್', ಅಂದರೆ 'ಈ ಮಟ್ಟಕ್ಕೆ ಸರಿಹೊಂದುತ್ತದೆ' ಅನ್ನುವುದು ಎಣ್ಣೆ ಮಾರುವವರ ಸ್ವಂತ ಮಾತು. ಅದು ಸುಳ್ಳೇ ಆಗಿರಬೇಕಿಲ್ಲ, ಆದರೆ ಕಾರು ಕಂಪನಿ ಸಹಿ ಹಾಕಿಲ್ಲ.

ಕ್ಷಾರ, ಬೂದಿ ಮತ್ತು ಫಿಲ್ಟರ್

'ಎಲ್ಲಾ ನಂಬರ್ ಜಾಸ್ತಿ' ಎಂದವರು ಹೆಚ್ಚಾಗಿ ತೋರಿಸುವುದು ಟಿಬಿಎನ್ ಅನ್ನು. ಸುಟ್ಟ ಇಂಧನದ ಆಮ್ಲವನ್ನು ತಟಸ್ಥ ಮಾಡುವ ಕ್ಷಾರದ ದಾಸ್ತಾನು ಅದು. ಎ3/ಬಿ4 ವರ್ಗದ ಎಣ್ಣೆಗೆ ಕನಿಷ್ಠ 10, ಸಿ3ಗೆ 6 ಸಾಕು. ಹತ್ತು ಆರಕ್ಕಿಂತ ಒಳ್ಳೆಯದಲ್ವಾ? ಯಾವಾಗಲೂ ಅಲ್ಲ. ಆ ಆಮ್ಲ ಮುಖ್ಯವಾಗಿ ಇಂಧನದ ಗಂಧಕದಿಂದ ಬರುತ್ತಿತ್ತು. ಯುರೋಪಿನಲ್ಲಿ 2009ರಿಂದ ರಸ್ತೆ ವಾಹನದ ಇಂಧನದಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಭಾಗ ಮೀರುವಂತಿಲ್ಲ. ಬಿಎಸ್-6 ಬಂದ 2020ರಿಂದ ನಮ್ಮ ದೇಶದಲ್ಲೂ ಅಷ್ಟೇ. ಇನ್ನೊಂದು ಕಡೆ, ಕ್ಷಾರ ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸುಟ್ಟಾಗ ಬೂದಿಯಾಗುತ್ತವೆ. ಆ ಬೂದಿ ಡೀಸೆಲ್ ಕಾರಿನ ಹೊಗೆ ಫಿಲ್ಟರಿನಲ್ಲಿ ಕೂರುತ್ತದೆ. ಮಸಿಯಾದರೆ ಹೆದ್ದಾರಿಯಲ್ಲಿ ಬಿಸಿ ಏರಿದಾಗ ಸುಟ್ಟುಹೋಗುತ್ತದೆ, ಬೂದಿ ಮತ್ತೆ ಸುಡುವುದಿಲ್ಲ. ಅದಕ್ಕೇ ಸಿ3 ಎಣ್ಣೆಯಲ್ಲಿ ಸಲ್ಫೇಟೆಡ್ ಬೂದಿ ಶೇ. 0.8 ಮೀರಬಾರದು, ಎ3/ಬಿ4ನಲ್ಲಿ ಅದು ಅದರ ಹೆಚ್ಚುಕಡಿಮೆ ಎರಡರಷ್ಟಿರಬಹುದು.

ಡೀಸೆಲ್ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುವವರು ಇದನ್ನು ಮರೆಯಬಾರದು. 2023ರ ಜನವರಿಯಿಂದ ಇಲ್ಲಿಯ ಎಪಿಕೆ ತಪಾಸಣೆಯಲ್ಲಿ ಫಿಲ್ಟರ್ ಇರುವ ಡೀಸೆಲ್ ಕಾರಿನ ಹೊಗೆಯ ಕಣಗಳನ್ನು ಯಂತ್ರದಿಂದ ಎಣಿಸುತ್ತಾರೆ. ಒಂದು ಘನ ಸೆಂಟಿಮೀಟರಿಗೆ ಹತ್ತು ಲಕ್ಷ ಕಣ ಮೀರಿದರೆ ಫೇಲ್. ಕಟ್ಟಿಕೊಂಡ ಫಿಲ್ಟರನ್ನು ಕಿತ್ತುಹಾಕಿ ಓಡಿಸುವ ಹಳೇ ಜಾಣತನ ಈಗ ನಡೆಯದು, ಹೊಸ ಫಿಲ್ಟರ್ ನಮ್ಮಂಥವರ ಒಂದು ತಿಂಗಳ ಬಾಡಿಗೆ ಮೀರಿದ ಖರ್ಚು. ಟಿಬಿಎನ್ 10 ಎಂದು ಮೆಚ್ಚಿ ತಂದ ಎಣ್ಣೆ ಇಂಥ ಕಾರಿಗೆ ಹೀಗೆ ದುಬಾರಿಯಾಗುತ್ತದೆ. ಫಿಲ್ಟರ್ ಇಲ್ಲದ ಹಳೇ ಪೆಟ್ರೋಲ್ ಕಾರಿಗಾದರೆ ಆ ಎಣ್ಣೆಯೇ ಸರಿಯಿರಬಹುದು.

ಬಳಸಿದ ಎಣ್ಣೆಯನ್ನೂ ಲ್ಯಾಬಿಗೆ ಕಳಿಸಬಹುದು. ಅದರಲ್ಲಿ ಕಬ್ಬಿಣ, ತಾಮ್ರ, ಸಿಲಿಕಾನ್ ಎಷ್ಟಿದೆ, ಪೆಟ್ರೋಲು ಬೆರೆತಿದೆಯಾ, ಟಿಬಿಎನ್ ಎಷ್ಟು ಉಳಿದಿದೆ ಅಂತ ವರದಿ ಬರುತ್ತದೆ. ಇದನ್ನಿಟ್ಟುಕೊಂಡು 'ನನ್ನ ಎಣ್ಣೆಯಲ್ಲಿ ಕಬ್ಬಿಣ ಕಡಿಮೆ, ನಿನ್ನದರಲ್ಲಿ ಜಾಸ್ತಿ' ಅಂತ ಬ್ರ್ಯಾಂಡ್ ತೂಗುವುದರಲ್ಲಿ ಅರ್ಥವಿಲ್ಲ. ಕಾರು ಬೇರೆ, ಓಡಿದ ಕಿಲೋಮೀಟರ್ ಬೇರೆ, ಓಡಿಸಿದ ರೀತಿ ಬೇರೆ. ಅಲ್ಲದೆ ಸಾಮಾನ್ಯ ಪರೀಕ್ಷೆಗೆ ಕಾಣುವುದು ಅತಿ ಸಣ್ಣ ಕಣಗಳು ಮಾತ್ರ, ದೊಡ್ಡ ಲೋಹದ ಚೂರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಒಂದೇ ಕಾರಿನ ವರದಿಗಳನ್ನು ವರ್ಷ ವರ್ಷ ಜೋಡಿಸಿಟ್ಟರೆ ಉಪಯೋಗ: ಸಿಲಿಕಾನ್ ಏರಿದರೆ ಗಾಳಿ ಫಿಲ್ಟರಿನಲ್ಲಿ ಧೂಳು ನುಗ್ಗುತ್ತಿದೆಯೇ ನೋಡಬೇಕು, ಸೋಡಿಯಂ ಏರಿದರೆ ಕೂಲೆಂಟ್ ಸೋರುತ್ತಿರಬಹುದು. ಸಾವಿರ ಯೂರೋದ ಕಾರಿಗೆ ಇದು ಬೇಕಾ ಅಂದರೆ, ನಮ್ಮ ಅಭಿಪ್ರಾಯದಲ್ಲಿ ಬೇಡ. ಆ ದುಡ್ಡಿಗೆ ಎಣ್ಣೆಯನ್ನೇ ಬೇಗ ಬದಲಿಸಿ.

ಬೇಗ ಅಂದರೆ ಕಿಲೋಮೀಟರಿಗಿಂತ ಕ್ಯಾಲೆಂಡರ್ ನೋಡಿ. ವಾರವೆಲ್ಲ ಸೈಕಲ್ಲು, ಭಾನುವಾರ ಇಂಡಿಯನ್ ಅಂಗಡಿಗೆ ನಾಲ್ಕು ಕಿಲೋಮೀಟರ್ ಕಾರು: ನಮ್ಮ ಬಳಕೆ ಹೀಗೆ. ಇಷ್ಟಕ್ಕೆ ಎಣ್ಣೆ ಪೂರ್ತಿ ಬಿಸಿಯಾಗುವುದೇ ಇಲ್ಲ, ಬೆರೆತ ನೀರೂ ಪೆಟ್ರೋಲೂ ಆವಿಯಾಗದೆ ಒಳಗೇ ಉಳಿಯುತ್ತವೆ. ಚಳಿಗಾಲದಲ್ಲಿ ಎಣ್ಣೆಯ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆಯಂಥದ್ದು ಅಂಟಿರುವುದು ಹೆಚ್ಚಾಗಿ ಇದರಿಂದಲೇ. ಕೂಲೆಂಟ್ ಕಡಿಮೆಯಾಗುತ್ತಿಲ್ಲವೆಂದರೆ ಗಾಬರಿ ಬೇಡ, ಒಂದು ದಿನ ಮಾಸ್ಟ್ರಿಕ್ಟ್‌ವರೆಗೆ ಹೋಗಿಬನ್ನಿ. ವರ್ಷಕ್ಕೊಮ್ಮೆ, ಎಪಿಕೆಗೆ ಮುಂಚೆ, ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸುವುದು ಇಂಥ ಬಳಕೆಗೆ ಸರಿ.

ಕೊಳ್ಳುವಾಗ ಮಾಡಬೇಕಾದದ್ದು ಇಷ್ಟೇ. ಕಾರಿನ ಕೈಪಿಡಿ ತೆಗೆದು ಅದು ಕೇಳುವ ದರ್ಜೆ, ಎಸಿಇಎ ವರ್ಗ, ಅನುಮೋದನೆ ಸಂಖ್ಯೆ ಬರೆದುಕೊಳ್ಳಿ. ಕೈಪಿಡಿ ಡಚ್ಚಿನಲ್ಲಿದ್ದರೂ ಈ ಸಂಖ್ಯೆಗಳು ಎಲ್ಲ ಭಾಷೆಯಲ್ಲೂ ಒಂದೇ. ಕೈಪಿಡಿ ಕಳೆದಿದ್ದರೆ ಎಣ್ಣೆ ಕಂಪನಿಗಳ ಜಾಲತಾಣದಲ್ಲಿ ನಂಬರ್ ಪ್ಲೇಟ್ ಹಾಕಿದರೆ ತೋರಿಸುತ್ತದೆ. ಎರಡು ಕಂಪನಿಗಳಲ್ಲಿ ಹಾಕಿ ಒಂದಕ್ಕೊಂದು ತಾಳೆ ನೋಡಿ. ಟೈಮಿಂಗ್ ಬೆಲ್ಟ್ ಎಣ್ಣೆಯಲ್ಲೇ ಮುಳುಗಿ ಓಡುವ ಎಂಜಿನ್ ನಿಮ್ಮದಾದರೆ ಆ ಅನುಮೋದನೆಯ ವಿಷಯದಲ್ಲಿ ಚೌಕಾಸಿಯೇ ಬೇಡ, ಬೆಲ್ಟಿನ ರಬ್ಬರಿಗೆ ಆಗಿಬರದ ಎಣ್ಣೆ ಅದನ್ನು ಉಬ್ಬಿಸಿ ಚೂರು ಮಾಡಬಹುದು. ಆ ಸಂಖ್ಯೆ ಇರುವ ಡಬ್ಬಗಳಲ್ಲಿ ಎಚ್‌ಟಿಎಚ್‌ಎಸ್, ನೋಆಕ್ ಹೋಲಿಸುವ ಆಸೆ ಇದ್ದರೆ ಹೋಲಿಸಿ, ಇಲ್ಲದಿದ್ದರೆ ಅಗ್ಗದ್ದನ್ನು ತೆಗೆದುಕೊಳ್ಳಿ. ನೀವೇ ಬದಲಿಸುವುದಾದರೆ ಹಳೇ ಎಣ್ಣೆಯನ್ನು ಹೊಸದರ ಖಾಲಿ ಡಬ್ಬಕ್ಕೇ ತುಂಬಿ ಪುರಸಭೆಯ ಮಿಲ್ಯೂಸ್ಟ್ರಾಟ್‌ಗೆ ಕೊಟ್ಟುಬನ್ನಿ. ಚರಂಡಿಗೆ ಸುರಿಯಬೇಡಿ, ಅಡುಗೆ ಎಣ್ಣೆಯ ತೊಟ್ಟಿಗೂ ಹಾಕಬೇಡಿ.